ಯಾರು ಮೊದಲು ಹತ್ತಬೇಕು

ಅಕ್ಟೋಬರ್ 11, 2022, ಮಂಗಳವಾರ

ವ್ಯಾನಿನ ದಿನ. ಕತ್ತಲಿರುವಾಗಲೇ ಸಂಘದ ಕಟ್ಟಡದ ಮುಂದೆ ಇಂಜಿನ್ ಬಿಸಿ ಮಾಡಿಕೊಂಡು ಕೂತೆ. ನಮ್ಮ ಬ್ರೆನ್ನರ್ ಊರಿನಿಂದ ಸೈನಿಕರ ದೊಡ್ಡಾಸ್ಪತ್ರೆಗೆ ಮೂರು ತಾಸಿನ ದಾರಿ, ನಡುವೆ ದನಗಳನ್ನು ಬಿಟ್ಟರೆ ಮಾತಾಡಿಸುವವರಿಲ್ಲ. ಬಸ್ಸಿಲ್ಲದ ಈ ನೆಬ್ರಾಸ್ಕಾ ಮೂಲೆಯಲ್ಲಿ ನಿವೃತ್ತ ಸೈನಿಕರಿಗೆ ವಾರಕ್ಕೊಮ್ಮೆ ಸಂಘದ ಪುಕ್ಕಟೆ ವ್ಯಾನೇ ಗತಿ. ಓಡಿಸುವವನು ನಾನು. ಜಾಗ ಸಾಲದಿದ್ದರೆ ಯಾರು ಹತ್ತಬೇಕು, ಯಾರು ಉಳಿಯಬೇಕು ಎಂದು ಹೇಳುವವನೂ ನಾನೇ.

ಇವತ್ತು ಐದು ಸೀಟಿಗೆ ಆರು ಜನ. ಆರನೆಯವನು ಆರ್ಲೆನ್, ಮೆರೀನ್ ದಳದಲ್ಲಿದ್ದವನು, ಹೆಸರು ಕೊಟ್ಟಿರಲಿಲ್ಲ. ಎದೆಯೊಳಗೆ ಇಟ್ಟ ಪೇಸ್‌ಮೇಕರ್ ಯಂತ್ರ ನಿನ್ನೆಯಿಂದ ಕೂಗುತ್ತಿದೆ ಎಂದು ಹೆಂಡತಿ ತಂದು ಬಿಟ್ಟಳು.

"ಡಾಕ್, ನನ್ನೆದೇಲಿ ಕೋಳಿಮರಿ ಸೇರ್ಕೊಂಡಿದೆ ಕಣೋ," ಎಂದ.

"ಮೆರೀನ್‌ನವರ ತಲೆ ಖಾಲಿ ಅಂತ ಗೊತ್ತಿತ್ತು. ಎದೇನೂ ಖಾಲಿ ಅಂತ ಇವತ್ತು ಗೊತ್ತಾಯ್ತು. ಹತ್ತು," ಎಂದೆ.

ವಿಯೆಟ್ನಾಮಿನಲ್ಲಿ ಗಾಯಾಳುಗಳನ್ನು ಹೆಲಿಕಾಪ್ಟರಿಗೆ ಏರಿಸುವ ಕೆಲಸ ನನ್ನದಾಗಿತ್ತು. ಪಟ್ಟಿ ಕಟ್ಟುವ ಸಿಪಾಯಿಯನ್ನು ಸೈನ್ಯದಲ್ಲಿ 'ಡಾಕ್' ಎನ್ನುತ್ತಾರೆ. ಐವತ್ತು ವರ್ಷ ಕಳೆದರೂ ಈ ಊರಿಗೆ ನಾನು ವರ್ಲಿನ್ ಹ್ರುಸ್ಕಾ ಅಲ್ಲ, ಡಾಕ್. ಆಗ ಕಲಿತ ನಿಯಮ ಒಂದೇ: ಕಾಯಲಾರದವನು ಮೊದಲು, ಕಾಯಬಲ್ಲವನು ಆಮೇಲೆ. ವ್ಯಾನಿಗೂ ಅದೇ ನಿಯಮ. ಇದುವರೆಗೆ ಯಾರೂ ತಕರಾರು ತೆಗೆದಿಲ್ಲ.

ಇಳಿದು ಜಾಗ ಬಿಟ್ಟದ್ದು ಲಿಂಡ್‌ಗ್ರೆನ್ ಮನೆಯ ಹುಡುಗಿ, ಟೆಸಾ. ಅಫ್ಘಾನಿಸ್ತಾನದಲ್ಲಿ ಬಾಂಬಿಗೆ ಸಿಕ್ಕು ತಲೆಗೆ ಏಟು ತಿಂದವಳು. ಆಮೇಲೆ ಫಿಟ್ಸ್ ಬರುತ್ತದೆಂದು ಲೈಸೆನ್ಸ್ ಕಿತ್ತುಕೊಂಡಿದ್ದಾರೆ. ಗಂಡ ಡ್ರೂ ರೈಲ್ವೆ ಗ್ಯಾಂಗಿನಲ್ಲಿ ಊರೂರು ಸುತ್ತುತ್ತಾನೆ. ಆಸ್ಪತ್ರೆಯಲ್ಲಿ ಅವಳಿಗೆ ಇದ್ದದ್ದು ಏನೋ ಹೆಂಗಸರ ವಿಭಾಗದ ಕೆಲಸ. ಅದನ್ನು ಕೇಳುವುದು ಗಂಡಸಿಗೆ ತಕ್ಕದ್ದಲ್ಲ. "ಈ ಸಲ ನೀನು ಉಳ್ಕೋತೀಯಾ ಮಗಳೇ?" ಎಂದೆ. "ಅವರೇ ಹೋಗ್ಲಿ ಡಾಕ್, ಅವರಿಗೆ ಹೆಚ್ಚು ಅಗತ್ಯ," ಎಂದು ಆರ್ಲೆನ್‌ನ ಕೈಚೀಲ ಒಳಗಿಟ್ಟು ಬಾಗಿಲೂ ಹಾಕಿ ಕೊಟ್ಟಳು. ಒಳ್ಳೆಯ ಸಿಪಾಯಿ.

ನವೆಂಬರ್ 11, ಶುಕ್ರವಾರ

ನಿವೃತ್ತ ಸೈನಿಕರ ದಿನ. ಹೆದ್ದಾರಿಯ ಹೋಟೆಲಿನಲ್ಲಿ ಸೈನಿಕರಿಗೆಲ್ಲ ಪ್ಯಾನ್‌ಕೇಕ್ ಪುಕ್ಕಟೆ. ಬರ್ನೀಸಳನ್ನು ಕರೆದುಕೊಂಡು ಹೋದೆ. ಐವತ್ತೆರಡು ವರ್ಷ ನನ್ನನ್ನು ಸಹಿಸಿಕೊಂಡ ಹೆಂಡತಿಗೆ ಅವರು ಪದಕವನ್ನೇ ಕೊಡಬೇಕು, ಆದರೆ ಅವಳ ತಟ್ಟೆಗೆ ದುಡ್ಡು ತೆಗೆದುಕೊಳ್ಳುತ್ತಾರೆ.

ಟೆಸಾ ಮತ್ತು ಡ್ರೂ ನಮ್ಮ ಮೇಜಿಗೇ ಬಂದು ಕೂತರು. ಬಡಿಸುವ ಹುಡುಗಿ ಡ್ರೂ ಮುಂದೆ ತಟ್ಟೆಯಿಟ್ಟು, ದೇಶಸೇವೆ ಮಾಡಿದ್ದಕ್ಕೆ ವಂದನೆ ಹೇಳಿ, ಬಿಲ್ಲನ್ನು ಟೆಸಾ ಮುಂದಿಟ್ಟಳು.

"ಅಮ್ಮಾ ತಾಯಿ, ನಾನು ಯೂನಿಫಾರ್ಮ್ ಅಂತ ಹಾಕಿದ್ದು ಸ್ಕೂಲ್ ಬ್ಯಾಂಡಲ್ಲಿ ಮಾತ್ರ," ಎಂದ ಡ್ರೂ. "ಬಂದೂಕು ಹಿಡಿದಿದ್ದು ಇವಳು. ಇವಳ ಮುಂದೆ ಬಿಲ್ ಇಡೋಕೆ ನಿನಗೆ ಭಯ ಆಗ್ಲಿಲ್ವಾ?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಟೆಸಾನೂ ನಕ್ಕಳು. ಬರ್ನೀಸ್ ಮಾತ್ರ ನಗಲಿಲ್ಲ. ಆಮೇಲೆ ಅವಳೂ ಟೆಸಾನೂ ಪಿಸುಪಿಸು ಮಾತಾಡತೊಡಗಿದರು. ನಾನು ಡ್ರೂಗೆ ರೈಲಿನ ಕಂಬಿಗಳ ಬಗ್ಗೆ ಕೇಳುತ್ತ ಕೂತೆ. ಪ್ಯಾನ್‌ಕೇಕ್ ಚೆನ್ನಾಗಿತ್ತು.

ಡಿಸೆಂಬರ್ 13, ಮಂಗಳವಾರ

ಇವತ್ತು ಬರ್ನೀಸ್ ನನಗೆ ಊಟ ಹಾಕಲಿಲ್ಲ. ಯಾಕೆಂದು ಬರೆದಿಡುತ್ತೇನೆ.

ಭಾನುವಾರ ಚರ್ಚಿನಿಂದ ಹೊರಗೆ ಬರುವಾಗ ನೌಕಾಸೇನೆಯಲ್ಲಿದ್ದ ಡುವೇನ್ ನನ್ನನ್ನು ಹಿಡಿದುಕೊಂಡ. ಅವನ ಕಿವಿಯ ಯಂತ್ರ ಹಾಳಾಗಿದೆ, ಮೊಮ್ಮಗಳು ಕ್ರಿಸ್‌ಮಸ್ಸಿಗೆ ಹಾಡುತ್ತಾಳೆ, ಅದು ಕೇಳಿಸಬೇಕು. ನಲವತ್ತು ವರ್ಷದ ಸ್ನೇಹಿತ. ಇಲ್ಲವೆನ್ನಲು ಮನಸ್ಸು ಬರಲಿಲ್ಲ. ನಾನು ಏನಾದರೂ ಅಂದಿದ್ದರೂ ಆ ಕಿವಿಗೆ ಕೇಳುತ್ತಿರಲಿಲ್ಲ. ಸೀಟು ತುಂಬಿತ್ತು. ಟೆಸಾಗೆ ಫೋನ್ ಮಾಡಿ, ಮುಂದಿನ ತಿಂಗಳು ನಿನ್ನದು ಖಂಡಿತ ಎಂದೆ. "ಆಯ್ತು ಡಾಕ್" ಎಂದಳು.

ಸಂಜೆ ಬಂದು ಇದನ್ನು ಹೇಳಿದಾಗ ಬರ್ನೀಸ್ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಅವಳು ಯಾಕೆ ಹೋಗ್ತಿದ್ಲು ಗೊತ್ತಾ ನಿನಗೆ?"

"ಹೆಂಗಸರ ವಿಷಯ ಏನೋ."

"ಏನೋ! ಅವಳು ಗರ್ಭ ನಿಲ್ಲದ ಹಾಗೆ ಒಳಗೆ ಇಡೋ ವಂಕಿ ಹಾಕಿಸ್ಕೋಬೇಕಿತ್ತು. ಹಳೇದರ ಕಾಲ ಮುಗಿದು ಬೇಸಿಗೇಲೇ ತೆಗೆಸಿದ್ದಾಳೆ. ಆ ಡಾಕ್ಟರಮ್ಮ ಅದನ್ನ ಹಾಕೋದು ತಿಂಗಳಿಗೆ ಒಂದೇ ದಿನ, ನವೆಂಬರಲ್ಲಿ ಅದೂ ಇರಲಿಲ್ಲ. ನಮ್ಮೂರ ಡಾಕ್ಟರಿಗೆ ಅದು ಬರಲ್ಲ."

"ಅದಕ್ಕೇನು ಅವಸರ? ಜನವರೀಲಿ ಹಾಕಿಸ್ಕೊಂಡ್ರಾಯ್ತು."

"ಅವಳು ನುಂಗ್ತಾ ಇರೋ ಫಿಟ್ಸ್ ಮಾತ್ರೆ ಹೊಟ್ಟೇಲಿರೋ ಮಗೂಗೆ ವಿಷ ಕಣೋ. ಬೆನ್ನುಮೂಳೆ ಸರಿಯಾಗಿ ಕೂಡಲ್ವಂತೆ. ಈಗ ಬಸುರಿ ಆಗಲೇಬಾರದು. ನಿಧಾನಕ್ಕೆ ಬೇರೆ ಮಾತ್ರೆಗೆ ಬದಲಾಯಿಸಿ, ಅದು ಒಗ್ಗುತ್ತಾ ನೋಡಿ, ಆಮೇಲೆ ಮಗು. ಅವರಿಬ್ಬರಿಗೂ ಮಗು ಬೇಕು ವರ್ಲಿನ್. ಬೇಕು ಅಂತಾನೇ ಈಗ ಬೇಡ ಅಂತಿರೋದು."

"ಮೊದಲೇ ಯಾಕೆ ಹೇಳ್ಲಿಲ್ಲ ನನಗೆ?"

"ನಿನಗಾ? ಆ ಮಾತು ಬಂದ್ರೆ ರೇಡಿಯೋ ಜೋರು ಮಾಡೋನು ನೀನು. ಮುದುಕರ ಗುಂಪಲ್ಲಿ ನಿಂತು ಆ ಹುಡುಗಿ ಏನಂತ ಬಾಯಿ ಬಿಡ್ಬೇಕು?"

ಡುವೇನ್‌ನ ಮೊಮ್ಮಗಳ ಹಾಡಿನ ವಿಷಯ ಎತ್ತಿದೆ. ಎತ್ತಬಾರದಿತ್ತು. ಬ್ರೆಡ್ಡು ತಿಂದೆ, ಇನ್ನು ಮಲಗುತ್ತೇನೆ.

ಡಿಸೆಂಬರ್ 14

ಆಸ್ಪತ್ರೆಗೆ ಫೋನ್ ಮಾಡಿ, ನಡುವೆ ಬೇರೆ ದಿನ ಕೊಡುತ್ತಾರೋ ಎಂದು ವಿಚಾರಿಸೋಣವೆಂದುಕೊಂಡೆ. ನನ್ನ ಕಾರಿನಲ್ಲೇ ಕರೆದುಕೊಂಡು ಹೋಗಬಹುದಿತ್ತು. ಫೋನ್ ಎತ್ತಿದೆ. ಆ ಕಡೆಯ ಹುಡುಗಿ "ಯಾವ ವಿಭಾಗ ಸಾರ್?" ಎಂದಳು. ಆ ಶಬ್ದ ಬಾಯಿಗೆ ಬರಲಿಲ್ಲ. ಕಣ್ಣಿನ ವಿಭಾಗ ಎಂದೆ. ಈಗ ಮಾರ್ಚಿಯಲ್ಲಿ ನನಗೆ ಕಣ್ಣಿನ ಪರೀಕ್ಷೆ ಇದೆ.

ಜನವರಿ 10, 2023

ಹಿಮಗಾಳಿ. ಹೆದ್ದಾರಿ ಮುಚ್ಚಿದ್ದಾರೆ. ವ್ಯಾನ್ ಹೊರಡಲಿಲ್ಲ.

ಫೆಬ್ರವರಿ 14, ಮಂಗಳವಾರ

ಈ ಸಲ ಟೆಸಾಳ ಸೀಟು ಯಾರಿಗೂ ಕೊಡಲಿಲ್ಲ. ಮುಂದೆ, ನನ್ನ ಪಕ್ಕದಲ್ಲೇ ಕೂರಿಸಿದೆ. ಹೀಟರಿನ ಬಿಸಿ ಅಲ್ಲೇ ಚೆನ್ನಾಗಿ ಬರುವುದು. ಹಿಂದೆ ಆರ್ಲೆನ್ ಮತ್ತು ಡುವೇನ್ ನೌಕಾಸೇನೆ ದೊಡ್ಡದೋ ಮೆರೀನ್ ದೊಡ್ಡದೋ ಎಂದು ಜಗಳವಾಡುತ್ತ ಬಂದರು. ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಬರ್ನೀಸ್ ಕೊಟ್ಟು ಕಳಿಸಿದ್ದ ದಾಲ್ಚಿನ್ನಿ ಬನ್ನನ್ನು ಮುಟ್ಟಲಿಲ್ಲ.

ವಾಪಸು ಬರುವಾಗ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಉಳಿದವರು ಮೂತ್ರಕ್ಕೆ ಇಳಿದರು. ಈ ವಯಸ್ಸಿನಲ್ಲಿ ಅದು ಬೇಗ ಮುಗಿಯುವ ಕೆಲಸವಲ್ಲ.

"ಎಲ್ಲಾ ಸರಿಯಾಯ್ತಾ?" ಎಂದೆ.

"ಹಾಕ್ಲಿಲ್ಲ ಡಾಕ್. ಹಾಕೋ ಮೊದಲು ಟೆಸ್ಟ್ ಮಾಡ್ತಾರೆ. ನಾನು ಆಗ್ಲೇ ಬಸುರಿಯಂತೆ."

ಗಾಜಿನ ಮೇಲೆ ಬಿದ್ದ ಹಿಮವನ್ನು ಒರೆಸುವ ಕಡ್ಡಿಗಳು ಓಡುತ್ತಿದ್ದವು. ಅವನ್ನು ನಿಲ್ಲಿಸಿದೆ.

"ಕ್ರಿಸ್‌ಮಸ್ಸಿಗೆ ಡ್ರೂ ಬಂದಿದ್ದ. ನಾವೇನೂ ಬೇಜವಾಬ್ದಾರಿ ಮಾಡ್ಲಿಲ್ಲ ಡಾಕ್. ಕಾಂಡೋಮ್ ಇತ್ತು. ಹರೀತೋ ಏನೋ." ಅವಳ ದನಿ ವರದಿ ಒಪ್ಪಿಸುವವರ ದನಿಯಾಗಿತ್ತು. "ಮಾತ್ರೆ ಏಕಾಏಕಿ ನಿಲ್ಲಿಸಬೇಡ ಅಂದ್ರು. ನರದ ಡಾಕ್ಟರು ಫೋನ್ ಮಾಡಿ ಹೇಳ್ತಾರಂತೆ. ಆದ್ರೆ ಒಂದೊಂದು ಮಾತ್ರೆ ನುಂಗುವಾಗ್ಲೂ ನಾನೇ ಅದಕ್ಕೆ ವಿಷ ಹಾಕಿದ ಹಾಗಲ್ವಾ?"

ಏನಾದರೂ ಹೇಳುವಷ್ಟರಲ್ಲಿ ಆರ್ಲೆನ್ ಬಾಗಿಲು ತೆಗೆದು, "ಪ್ರೇಮಿಗಳ ದಿನ ಅಂತ ಮುಂದೆ ಕೂತು ಸರಸಾನಾ?" ಎಂದ. ಟೆಸಾ ನಕ್ಕಳು. ನಗುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿದೆ.

ಹೊಸದಾಗಿ ಬಂದ ಹುಡುಗರಿಗೆ ವಿಯೆಟ್ನಾಮಿನಲ್ಲಿ ನಾನೇ ಹೇಳಿಕೊಡುತ್ತಿದ್ದೆ: ಕಿರುಚುವವನಿಗೆ ಉಸಿರಿದೆ, ಅವನು ತಾಳಿಕೊಳ್ಳುತ್ತಾನೆ, ಸುಮ್ಮನೆ ಮಲಗಿದವನ ಹತ್ತಿರ ಮೊದಲು ಓಡು. ಇಷ್ಟು ಸಲ ಹೇಳಿದ್ದು ನನ್ನ ತಲೆಗೇ ಹೋಗಿರಲಿಲ್ಲ. ಐದು ತಿಂಗಳು ಕಿರುಚುವವರನ್ನೇ ವ್ಯಾನಿಗೆ ತುಂಬಿಕೊಂಡು ಹೋಗಿದ್ದೇನೆ.

ಫೆಬ್ರವರಿ 19, ಭಾನುವಾರ

ಡುವೇನ್‌ಗೆ ಈಗ ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ. ಪಾದ್ರಿಗಳ ಉಪದೇಶವೂ ಕೇಳಿಸುತ್ತದೆಂದು ಗೊಣಗಿದ. ನನಗೆ ನಗು ಬರಲಿಲ್ಲ.

ಮಾರ್ಚಿ 2, ಗುರುವಾರ

ಬೆಳಿಗ್ಗೆ ಬರ್ನೀಸ್ ಸೂಪು ತೆಗೆದುಕೊಂಡು ಟೆಸಾಳ ಮನೆಗೆ ಹೋದಳು. ಬಾಗಿಲು ತಟ್ಟಿದರೆ ಯಾರೂ ತೆಗೆಯಲಿಲ್ಲ. ಒಳಗೆ ನೀರು ಕುದಿಯುವ ಸದ್ದು. ನನಗೆ ಫೋನ್ ಮಾಡಿದಳು. ಹಿಂಬಾಗಿಲು ಒದ್ದು ತೆರೆದೆ.

ಒಲೆಯ ಬುಡದಲ್ಲಿ ಬಿದ್ದಿದ್ದಳು. ಫಿಟ್ಸ್ ಬಂದು ಹೋಗಿತ್ತು. ಬೀಳುವಾಗ ಮೇಜಿನ ಮೂಲೆ ಹೊಟ್ಟೆಗೆ ಬಡಿದಿರಬೇಕು, ಪಾತ್ರೆಯ ಅರ್ಧ ಬಿಸಿನೀರು ತೋಳಿನ ಮೇಲೆ ಚೆಲ್ಲಿತ್ತು. ಪಕ್ಕಕ್ಕೆ ಹೊರಳಿಸಿದೆ, ಬಾಯಿ ಒರೆಸಿದೆ, ತೋಳಿಗೆ ತಣ್ಣೀರು ಹಾಕಿದೆ. ಕೈಗಳಿಗೆ ಎಲ್ಲ ನೆನಪಿತ್ತು. ನೆಲದ ಮೇಲಿನ ರಕ್ತ ತೋಳಿನದಾಗಿರಲಿಲ್ಲ.

ಆಂಬುಲೆನ್ಸ್ ಬರುವ ಹೊತ್ತಿಗೆ ಅವಳಿಗೆ ಸ್ವಲ್ಪ ಎಚ್ಚರವಾಗಿತ್ತು. "ಮಾತ್ರೆ ನಿಲ್ಲಿಸಿದ್ದೆ ಡಾಕ್," ಎಂದಳು. "ಅದಕ್ಕೆ ಒಳ್ಳೇದಾಗ್ಲಿ ಅಂತ."

ಮಾರ್ಚಿ 3

ಮಗು ಉಳಿಯಲಿಲ್ಲ.

ಮಾರ್ಚಿ 7, ಮಂಗಳವಾರ

ವ್ಯಾನ್ ಓಡಿಸಿದೆ. ಯಾರು ಬಂದರು, ಏನು ಮಾತಾಡಿದರು, ನೆನಪಿಲ್ಲ.

ಮಾರ್ಚಿ 9

ಬರ್ನೀಸ್ ನನ್ನನ್ನು ಬಯ್ಯುತ್ತಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಹಿತ್ತಿಲಲ್ಲಿ ನಿಂತು ನಾನೇ ಬಯ್ದುಕೊಂಡು ಬಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನ್ನ ಮಟ್ಟಿಗೆ ಕೆಟ್ಟಿದ್ದು ಬೇರೆಯವರ ಮನೆ.

ಮೊದಲ ಸಲ ಆರ್ಲೆನ್‌ನನ್ನು ಹತ್ತಿಸಿದ್ದು ತಪ್ಪಲ್ಲ. ಈಗಲೂ ಹಾಗೆಯೇ ಮಾಡುತ್ತೇನೆ. ಆದರೆ ಅವತ್ತೇ ಅವಳನ್ನು ಪಕ್ಕಕ್ಕೆ ಕರೆದು, ನಿನ್ನದು ಎಷ್ಟು ದಿನ ಕಾಯಬಹುದು ಎಂದು ಕೇಳಬಹುದಿತ್ತು. ಗಂಡಸರ ಮೂಲವ್ಯಾಧಿಯ ತನಕ ಎಲ್ಲ ವಿಚಾರಿಸುವ ನನಗೆ ಅವಳ ವಂಕಿಯ ಬಗ್ಗೆ ಕೇಳಲು ನಾಚಿಕೆಯಾಯಿತು. ನನ್ನ ನಾಚಿಕೆಯ ಬೆಲೆ ತೆತ್ತದ್ದು ಅವಳು.

ಮಾರ್ಚಿ 17, ಶುಕ್ರವಾರ

ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಶುಕ್ರವಾರ ಮಾಂಸವಿಲ್ಲವಾದ್ದರಿಂದ ಸಂಘದಲ್ಲಿ ಮೀನು ಕರಿದಿದ್ದರು. ಊಟವಾದ ಮೇಲೆ ಮಾತಾಡಬೇಕೆಂದು ಎದ್ದು ನಿಂತೆ.

"ದೊಡ್ಡಾಸ್ಪತ್ರೆಯವರು ತಿಂಗಳಿಗೊಂದು ದಿನ ಒಬ್ಬ ನರ್ಸಮ್ಮನ್ನ ನಮ್ಮೂರ ಕ್ಲಿನಿಕ್ಕಿಗೆ ಕಳಿಸ್ಬೇಕು ಅಂತ ಸಂಘ ಕೇಳ್ಬೇಕು. ಸೈನ್ಯದಲ್ಲಿದ್ದ ನಮ್ಮ ಹೆಣ್ಣುಮಕ್ಕಳಿಗೆ ವಂಕಿ ಹಾಕೋಕೆ, ತೋಳೊಳಗೆ ಕಡ್ಡಿ ಇಡೋಕೆ, ಗರ್ಭ ನಿಲ್ಲದ ಹಾಗೆ ಕೊಡೋ ಮಾತ್ರೆ ಒಂದೇ ಸಲಕ್ಕೆ ವರ್ಷಕ್ಕಾಗುವಷ್ಟು ಕೊಡೋಕೆ. ಅದಾಗೋ ತನಕ ವ್ಯಾನಲ್ಲಿ ಅವರಿಗೆ ಒಂದು ಸೀಟು. ಅದನ್ನ ಯಾರ ಕಿವಿಗೂ ಯಾರ ಕನ್ನಡಕಕ್ಕೂ ಕೊಡೋ ಹಾಗಿಲ್ಲ."

ಆರ್ಲೆನ್ ಫೋರ್ಕು ಕೆಳಗಿಟ್ಟ.

"ಡಾಕ್," ಎಂದ ಆರ್ಲೆನ್, "ಮೀನಲ್ಲಿ ಏನಾದ್ರೂ ಬೆರೆಸಿದಾರಾ?"

ನಕ್ಕರು. ನಾನು ಕೂರಲಿಲ್ಲ.

"ನಾವು ಕ್ಯಾಥೊಲಿಕ್ಕರು ಕಣೋ, ಗರ್ಭ ತಡೆಯೋದು ನಮ್ಮಲ್ಲಿ ಪಾಪ," ಎಂದ ಡುವೇನ್. "ಪಾದ್ರಿಗಳು ಕೇಳಿದ್ರೆ ಏನು ಹೇಳೋದು? ಚರ್ಚಿಗೆ ಎದುರು ಕೂತು ಸಂಘ ಇಂಥ ಕೆಲಸಕ್ಕೆ ಅರ್ಜಿ ಹಾಕ್ತಾ?"

"ನಿನಗೆಷ್ಟು ಮಕ್ಕಳು ಡುವೇನ್?"

"ಇಬ್ಬರು."

"ನಿನ್ನ ಹೆಂಡತಿ ಜೊತೆ ಐವತ್ತು ವರ್ಷ ಬಾಳಿದೀಯ, ಇಬ್ಬರೇ ಮಕ್ಕಳು. ಅದು ಬರೀ ಪ್ರಾರ್ಥನೆಯಿಂದ ಆಗಿದ್ದು ಅಂತ ಪಾದ್ರಿಗಳಿಗೆ ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಈ ಸಲ ಜೋರಾಗಿ ನಕ್ಕರು, ಡುವೇನ್‌ನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಡುವೇನ್ ಕೆಂಪಾದ. ಆಮೇಲೆ, "ಇದು ಯಾರ ವಿಷಯ? ಲಿಂಡ್‌ಗ್ರೆನ್ ಹುಡುಗೀದಾ?" ಎಂದ.

"ನನ್ನ ವಿಷಯ," ಎಂದೆ. "ಡಿಸೆಂಬರಲ್ಲಿ ನಿನ್ನ ಕಿವಿಗೆ ಅಂತ ಒಬ್ಬರ ಸೀಟು ಕಿತ್ಕೊಂಡೆ. ಕಿತ್ಕೊಂಡಿದ್ದು ನಾನು, ನೀನಲ್ಲ. ಮುಂದೆ ಏನಾಯ್ತು ಅಂತ ಈ ಊರಿಗೆಲ್ಲ ಗೊತ್ತು."

ಅವನ ಕಿವಿಯ ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಒಪ್ಪುವವರು ಕೈ ಎತ್ತಿ ಎಂದಾಗ ಮೊದಲು ಎತ್ತಿದವನು ಅವನೇ.

ಮಾರ್ಚಿ 21

ದೊಡ್ಡಾಸ್ಪತ್ರೆಗೆ ಹೋದಾಗ ಕಣ್ಣಿನ ಪರೀಕ್ಷೆ ಮುಗಿಸಿ ಹೆಂಗಸರ ವಿಭಾಗಕ್ಕೆ ಹೋದೆ. ಕಾಯುವ ಕುರ್ಚಿಗಳಲ್ಲಿ ಏಳು ಹೆಂಗಸರ ನಡುವೆ ನಾನೊಬ್ಬ ಮುದುಕ. ಕೌಂಟರಿನ ಹುಡುಗಿ ಯಾರನ್ನು ಕರೆದುಕೊಂಡು ಬಂದಿದ್ದೀರಿ ಎಂದಳು. ಯಾರನ್ನೂ ಇಲ್ಲ, ಗರ್ಭನಿರೋಧಕದ ವಿಷಯ ಮಾತಾಡಬೇಕು ಎಂದೆ. ಅವಳೇ ಸ್ವಲ್ಪ ನಾಚಿಕೊಂಡಳು. ಕೊನೆಗೆ ಮೇಲಿನ ಅಧಿಕಾರಿ ಬಂದಳು. ಒಳ್ಳೆಯ ಹೆಂಗಸು. ಅವರೂ ಎರಡು ವರ್ಷದಿಂದ ದೂರದ ಊರುಗಳಿಗೆ ನರ್ಸನ್ನು ಕಳಿಸಬೇಕೆಂದಿದ್ದರಂತೆ, ಊರಿನವರು ಯಾರೂ ಕೇಳಲಿಲ್ಲವಾದ್ದರಿಂದ ಬೇಡಿಕೆ ಇಲ್ಲವೆಂದುಕೊಂಡರಂತೆ.

ಮೇ 9, ಮಂಗಳವಾರ

ನರ್ಸಮ್ಮ ಬಂದಳು. ಕ್ಲಿನಿಕ್ಕಿನ ಹೊರಗೆ ಕಾಫಿ ಇಟ್ಟುಕೊಂಡು ಕೂತೆ. ಯಾರೂ ಬರದಿದ್ದರೆ ಏನು ಗತಿ ಎಂದು ದಾರಿಯನ್ನೇ ನೋಡುತ್ತಿದ್ದೆ.

ಮೊದಲು ಬಂದವಳು ಪೋಸ್ಟಾಫೀಸಿನ ಗ್ವೆನ್. ಎಷ್ಟೋ ವರ್ಷದಿಂದ ನಮ್ಮ ಮನೆಗೆ ಕಾಗದ ತರುವವಳು.

"ನೀನ್ಯಾಕಮ್ಮ ಇಲ್ಲಿ? ಇದು ಸೈನ್ಯದಲ್ಲಿದ್ದವರಿಗೆ," ಎಂದೆ.

"ವಾಯುಸೇನೆ, ಆರು ವರ್ಷ. ನೀವು ಯಾವತ್ತೂ ಕೇಳ್ಲೇ ಇಲ್ವಲ್ಲ ಡಾಕ್," ಎಂದಳು. ತುಂಬ ರಕ್ತ ಹೋಗುತ್ತದೆ, ಅದಕ್ಕೂ ಒಂದು ಬಗೆಯ ವಂಕಿಯೇ ಮದ್ದಂತೆ. ಗೊತ್ತಿರಲಿಲ್ಲ.

ಆಮೇಲೆ ಶಾಲೆಯ ಬಸ್ಸು ಓಡಿಸುವ ಲೊರೇನ್. ಅವಳ ಹಿಂದೆಯೇ ಡುವೇನ್‌ನ ಸೊಸೆ. ಇವರಿಬ್ಬರೂ ಸೈನ್ಯದಲ್ಲಿದ್ದವರೇ. ಮಾವ ತಾನೇ ಕಾರಿನಲ್ಲಿ ತಂದು ಬಿಟ್ಟು, ನನ್ನ ಮುಖ ನೋಡದೆ ಹೊರಟುಹೋದ. ಸಂಜೆಯವರೆಗೆ ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ಹೋಗುವಾಗ ಲೊರೇನ್ ನನ್ನ ಕೆನ್ನೆಗೆ ಮುತ್ತಿಟ್ಟು, "ನೀವಿಲ್ದೆ ಇದ್ರೆ ಇದಾಗ್ತಿರ್ಲಿಲ್ಲ," ಎಂದಳು. ಈ ಮಾತು ಇನ್ನೊಂದು ಅರ್ಥದಲ್ಲೂ ನಿಜ.

ಟೆಸಾ ಬರಲಿಲ್ಲ. ಸುಟ್ಟ ತೋಳು ಇನ್ನೂ ನೋಯುತ್ತಿರಬಹುದು. ಅವಳಿಗೆ ಗೊತ್ತಾಗದೆಯೂ ಇದ್ದಿರಬಹುದು. ನಾಳೆ ನಾನೇ ಹೋಗಿ ಹೇಳುತ್ತೇನೆ. ಅವಳ ಮನೆಯಿಂದ ಕ್ಲಿನಿಕ್ಕಿಗೆ ನಡೆದೇ ಬರಬಹುದು. ಲೈಸೆನ್ಸ್ ಬೇಡ, ವ್ಯಾನ್ ಬೇಡ, ಯಾರ ಅಪ್ಪಣೆಯೂ ಬೇಡ.

ಮೇ 10, ಬುಧವಾರ

ಹೋಗಿದ್ದೆ. ಸಾರ್ಜೆಂಟ್ ಟೆಸಾ ಲಿಂಡ್‌ಗ್ರೆನ್ ಹಿಂದಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದಳು. ತೋಳಿನ ಚರ್ಮ ಗುಲಾಬಿಯಾಗಿ ನುಣ್ಣಗಾಗಿದೆ. ನಾನು ಒದ್ದ ಬಾಗಿಲನ್ನು ಇನ್ನೂ ರಿಪೇರಿ ಮಾಡಿಸಿಲ್ಲ, ಹಗ್ಗ ಕಟ್ಟಿ ನಿಲ್ಲಿಸಿದ್ದಾಳೆ.

ಒಂದೇ ಉಸಿರಿಗೆ ಎಲ್ಲ ಹೇಳಿದೆ. ನರ್ಸಮ್ಮ ತಿಂಗಳು ತಿಂಗಳು ಬರುತ್ತಾಳೆ, ಕೈ ಹಗುರ, ನೋವಾಗದಂತೆ ಹಾಕುತ್ತಾಳಂತೆ, ನಿನಗೆಂದು ಮುಂದಿನ ತಿಂಗಳ ಮೊದಲ ಹೊತ್ತನ್ನೇ ಹೇಳಿಟ್ಟಿದ್ದೇನೆ ಎಂದೆ.

ಕೊನೆಯವರೆಗೂ ಕೇಳಿಸಿಕೊಂಡಳು.

"ಒಳ್ಳೆ ಕೆಲಸ ಆಯ್ತು ಡಾಕ್. ಗ್ವೆನ್ ಹೇಳಿದ್ಲು. ಆದ್ರೆ ನನಗೆ ಯಾತಕ್ಕೆ ಅದು?"

"ಯಾತಕ್ಕೆ ಅಂದ್ರೆ? ಮಾತ್ರೆ ಬದಲಾಯಿಸೋ ತನಕ..."

"ಡ್ರೂ ವಯೋಮಿಂಗ್ ಕಡೆ ಗ್ಯಾಂಗಿಗೆ ಹೆಸರು ಕೊಟ್ಟು ಹೋಗಿದ್ದಾನೆ. ಹೋದ ಸಲ ಬಂದಾಗ ಸೋಫಾ ಮೇಲೆ ಮಲಗಿದ. ನನ್ನ ಮುಟ್ಟೋಕೆ ಅವನಿಗೆ ಭಯ. ಮತ್ತೆ ಬಸುರಿ ಮಾಡಿ ನನ್ನನ್ನ ಕೊಂದುಬಿಡ್ತೀನಿ ಅಂತ ಭಯ. ನಾನೂ ಕರೀಲಿಲ್ಲ. ನನಗೂ ಅದೇ ಭಯ."

ಅವಳೇ ಎದ್ದು ಒಳಗೆ ಹೋಗಿ ಕಾಫಿ ತಂದಳು. ಒಂದು ಲೋಟ ನನ್ನ ಕೈಗಿತ್ತು, ಇನ್ನೊಂದನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

"ಡಿಸೆಂಬರಲ್ಲಿ ಡುವೇನ್‌ನನ್ನ ಕರ್ಕೊಂಡು ಹೋಗಬಾರದಿತ್ತು ನಾನು," ಎಂದೆ. "ತಪ್ಪು ನಂದು. ನನ್ನ ಕ್ಷಮಿಸು."

ಅವಳು ಬೇಲಿಯಾಚೆ ನೋಡುತ್ತಿದ್ದಳು. ಪರವಾಗಿಲ್ಲ ಬಿಡಿ ಎನ್ನುತ್ತಾಳೆಂದು ಕಾದೆ. ಎನ್ನಲಿಲ್ಲ.

"ಕುಡೀರಿ, ಆರಿ ಹೋಗುತ್ತೆ," ಎಂದಳು.